ತಂತಿ, ಪ್ಯಾನಲ್ಲು, ಪಹಣಿ

ನಮ್ಮ ನಾಗಲಮಡಿಕೆ ಹೊಲಗಳ ಮೇಲೆ ಹಾದಿರೋ ಕರೆಂಟ್ ಲೈನಿನ ಹಿಂದೆ 1885ರ ಟೆಲಿಗ್ರಾಫ್ ಕಾಯ್ದೆ ಇದೆ. ಬ್ರಿಟಿಷರು ಬರೆದದ್ದು: ಕಂಬ ನೆಡೋಕೆ ಒಪ್ಪಿಗೆ ಬೇಡ, ಭೂಮಿ ಒಡೆಯನ ಹೆಸರಲ್ಲೇ ಇರುತ್ತೆ, ಆದ ನಷ್ಟಕ್ಕಷ್ಟೇ ಪರಿಹಾರ. ಭೂಮಿ ಬೆಲೆಯನ್ನೂ ಲೆಕ್ಕಕ್ಕೆ ಹಿಡೀರಿ ಅಂತ ಕೇಂದ್ರ ಮಾರ್ಗಸೂಚಿ ಕೊಟ್ಟದ್ದು 2015ರಲ್ಲಿ. ಆಗ ಟವರ್ ಬುಡಕ್ಕೆ ಶೇ 85, ತಂತಿ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಅಂದಿತ್ತು.

ತಿರುಮಣಿ ಸೋಲಾರ್ ಪಾರ್ಕಿಗೆ ಬೇರೆ ದಾರಿ. ಸುಮಾರು 13,000 ಎಕರೆ ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು. ಮಳೆ ಕಾಣದ ಹೊಲಕ್ಕೆ ಒಳ್ಳೇ ದುಡ್ಡೇ ಬಿಡಿ.

ಆದ್ರೆ ಎರಡೂ ದುಡ್ಡು ಪಹಣಿ ಹುಡುಕಿಕೊಂಡು ಹೋಗ್ತವೆ. ಅದೇ ಹೊಲದಲ್ಲಿ ಕಡಲೇಕಾಯಿ ಕೀಳ್ತಿದ್ದ ನಮ್ಮ ಕೇರಿ ಹೆಂಗಸರ ಕೂಲಿ ಹೋಯ್ತು, ಅದಕ್ಕೆ ಯಾವ ಕಾಲಮ್ಮೂ ಇಲ್ಲ. ಗೋಮಾಳ ಉಳ್ತಿದ್ದ ನಮ್ಮಪ್ಪನ ಹತ್ರ ಇದ್ದದ್ದು ಬಗರ್‌ಹುಕುಂ ಅರ್ಜಿಯ ರಸೀದಿ ಒಂದೇ.