‘ಬ್ಯಾಂಕ್’ ಶಬ್ದದ ಅರ್ಥವಿಚಾರವೂ ಹೊಳೆಹೊನ್ನೂರೆಂಬ ಹೆಸರೂ

ಇಂಗ್ಲಿಷ್ ಭಾಷೆಯ ‘ಬ್ಯಾಂಕ್’ ಎಂಬ ನಾಮಪದಕ್ಕೆ ಹೊಳೆಯ ದಡವೆಂದು ಒಂದರ್ಥವೂ, ಹಣವಿಟ್ಟು ಹಣಪಡೆಯುವ ಸಂಸ್ಥೆಯೆಂದು ಇನ್ನೊಂದರ್ಥವೂ ಇರುವುದು ಶಾಲೆಯ ಬಾಲಕರಿಗೂ ತಿಳಿದ ವಿಷಯವೇ. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದೂ, ಉಚ್ಚಾರಣೆಯು ಅಕಸ್ಮಾತ್ತಾಗಿ ಒಂದೇ ಆಗಿರುವುದೆಂದೂ ಉಪಾಧ್ಯಾಯರು ಹೇಳಿ ಮುಂದಕ್ಕೆ ಹೋಗುವುದುಂಟು. ಈ ಮಾತು ನಿಲ್ಲತಕ್ಕುದಲ್ಲ. ಎರಡು ಶಬ್ದಗಳ ಮೂಲವೂ ಒಂದೇ. ಆ ಮೂಲದ ಅರ್ಥವು ಹರಿದು ಬಂದ ದಾರಿಯಂತೂ ನಮ್ಮ ಕನ್ನಡದ ಒಂದು ಹಳೆಯ ಶಬ್ದವು ನಡೆದ ದಾರಿಗೆ ಆಶ್ಚರ್ಯಕರವಾಗಿ ಹೋಲುತ್ತದೆ. ಆದುದರಿಂದ ಪರಭಾಷೆಯ ಪದಕ್ಕೆ ಕನ್ನಡದಲ್ಲಿ ಪ್ರತಿಪದವನ್ನು ಕಟ್ಟುವುದು ಹೇಗೆ, ಕಟ್ಟಲೇಬೇಕೇ ಎಂಬ ಪ್ರಶ್ನೆಗೂ ಈ ವಿಚಾರವು ಉಪಯುಕ್ತವಾದೀತು.

ಮೊದಲು ಶಬ್ದದ ಚರಿತ್ರೆಯನ್ನು ನೋಡೋಣ. ದಡವೆಂಬ ಅರ್ಥದ ‘ಬ್ಯಾಂಕ್’ ಉತ್ತರದ ಸ್ಕಾಂಡಿನೇವಿಯ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದುದು. ನೆಲದ ಉಬ್ಬು, ದಿಣ್ಣೆ ಎಂಬುದೇ ಅದರ ಆದಿಯ ಅರ್ಥ. ಹಣದ ‘ಬ್ಯಾಂಕ್’ ಇಟಲಿಯಿಂದ ಫ್ರಾನ್ಸಿನ ದಾರಿಯಾಗಿ 15ನೆಯ ಶತಮಾನದ ಕೊನೆಯ ವೇಳೆಗೆ ಬಂದಿತು. ಇಟಲಿಯ ಪಟ್ಟಣಗಳಲ್ಲಿ ನಾಣ್ಯ ಬದಲಾಯಿಸುವವರು ಮುಂದಿಟ್ಟುಕೊಳ್ಳುತ್ತಿದ್ದ ಹಲಗೆಗೆ ‘ಬಂಕ’ ಎಂದು ಹೆಸರು. ಆದರೆ ಇಟಲಿಯವರಿಗೂ ಅದು ಸ್ವಂತ ಮಾತಲ್ಲ, ಜರ್ಮಾನಿಕ್ ಭಾಷೆಗಳಿಂದ ಪಡೆದ ಎರವು. ಉಬ್ಬಿದ ನೆಲವೂ ಕೂರುವ ಹಲಗೆಯೂ ಒಂದೇ ಧಾತುವಿನಿಂದ ಹುಟ್ಟಿದುವು. ನಮ್ಮ ಶಾಲೆಗಳ ‘ಬೆಂಚು’ ಸಹ ಅದೇ ಮನೆಯ ಕೂಸು. ದಿವಾಳಿಗೆ ಇಂಗ್ಲಿಷಿನವರು ಹೇಳುವ ‘ಬ್ಯಾಂಕ್ರಪ್ಟ್’ ಎಂಬುದರಲ್ಲಿ ಮುರಿದ ಹಲಗೆಯೆಂಬ ಇಟಲಿಯ ಮಾತು ಅಡಗಿದೆ. ಹೀಗೆ ಒಂದೇ ಮನೆಯಿಂದ ಹೊರಟ ಇಬ್ಬರು ದಾಯಾದಿಗಳು ನೂರಾರು ವರ್ಷ ಬೇರೆ ಬೇರೆ ದೇಶಗಳಲ್ಲಿ ತಿರುಗಿ, ಇಂಗ್ಲೆಂಡಿನಲ್ಲಿ ಒಂದೇ ವೇಷದಲ್ಲಿ ಮತ್ತೆ ಎದುರಾದರು.

ಇಲ್ಲಿ ನಮ್ಮ ಶಾಸ್ತ್ರಕಾರರ ಒಂದು ಹಳೆಯ ವಿವಾದವು ನೆನಪಿಗೆ ಬಾರದಿರದು. ಒಂದೇ ಶಬ್ದಕ್ಕೆ ಅನೇಕಾರ್ಥಗಳೋ, ಅಥವಾ ಅರ್ಥಕ್ಕೊಂದರಂತೆ ಬೇರೆ ಬೇರೆ ಶಬ್ದಗಳಿದ್ದು ಧ್ವನಿ ಮಾತ್ರ ಸಮಾನವೋ ಎಂದು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಎರಡು ಪಕ್ಷಗಳನ್ನೂ ಚರ್ಚಿಸಿದ್ದಾನೆ. ಇಂಗ್ಲಿಷಿನ ಕೋಶಕಾರರು ಈ ಶಬ್ದಕ್ಕೆ ಎರಡು ಪ್ರತ್ಯೇಕ ನಮೂದುಗಳನ್ನು ಕೊಡುವಾಗ ಅನೇಕಶಬ್ದಪಕ್ಷವನ್ನು ಹಿಡಿಯುತ್ತಾರೆ. ವ್ಯುತ್ಪತ್ತಿಯನ್ನು ಹೇಳುವಾಗ ಏಕಶಬ್ದಪಕ್ಷಕ್ಕೆ ಹಿಂದಿರುಗುತ್ತಾರೆ. ವ್ಯವಹಾರಕ್ಕೆ ಮೊದಲನೆಯದು, ಚರಿತ್ರೆಗೆ ಎರಡನೆಯದು ಎಂದಿಟ್ಟುಕೊಂಡರೆ ವಿರೋಧವಿಲ್ಲ. ಪ್ರಯೋಗದಲ್ಲಿ ಯಾವ ಅರ್ಥವೆಂದು ನಿಶ್ಚಯಿಸುವುದಕ್ಕೆ ಭರ್ತೃಹರಿಯು ಹೇಳಿದ, ಮಮ್ಮಟನೂ ಸ್ವೀಕರಿಸಿದ ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮುಂತಾದ ಉಪಾಯಗಳು ಇಂಗ್ಲಿಷಿಗೂ ಸಾಕು. ಶಂಖಚಕ್ರಗಳ ಸಂಯೋಗದಿಂದ ‘ಹರಿ’ಯು ಸಿಂಹವೂ ಕಪಿಯೂ ಆಗದೆ ವಿಷ್ಣುವಾಗುವಂತೆ, ದೋಣಿಯ ಸಾಹಚರ್ಯದಿಂದ ‘ಬ್ಯಾಂಕ್’ ದಡವಾಗುತ್ತದೆ, ಬಡ್ಡಿಯ ಸಾಹಚರ್ಯದಿಂದ ಹಣದ ಮನೆಯಾಗುತ್ತದೆ.

ದಡವೂ ಹಣವೂ ಒಂದೇ ಹೆಸರಿನೊಳಗೆ ಸೇರಿದ ಊರೊಂದು ನಮ್ಮಲ್ಲಿಯೇ ಇದೆ. ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಭದ್ರಾನದಿಯ ತಡಿಯಲ್ಲಿದೆ. ಅಲ್ಲಿಂದ ಅನತಿದೂರದ ಕೂಡಲಿಯಲ್ಲಿ ಭದ್ರೆಯು ತುಂಗೆಯನ್ನು ಕೂಡುತ್ತಾಳೆ. 1830ರಲ್ಲಿ ಬೃಂದಾವನಸ್ಥರಾದ ಉತ್ತರಾದಿಮಠದ ಶ್ರೀ ಸತ್ಯಧರ್ಮತೀರ್ಥರ ಬೃಂದಾವನವು ಇಲ್ಲಿರುವುದರಿಂದ ಸಂಸ್ಕೃತಾಭ್ಯಾಸಿಗಳಿಗೆ ಇದು ಪರಿಚಿತವಾದ ಕ್ಷೇತ್ರ. ಊರಿನ ಹೆಸರಿನಲ್ಲಿ ‘ಹೊಳೆ’ ಎಂದರೆ ನೀರಿನ ಪ್ರವಾಹವೆಂಬ ವಾಚ್ಯಾರ್ಥವು ಹೊಂದುವುದಿಲ್ಲ. ಊರು ಹೊಳೆಯೊಳಗೆ ಇರಲಾರದು. ಗಂಗೆಯಲ್ಲಿ ಗೊಲ್ಲರಹಟ್ಟಿ ಎಂದು ಆಲಂಕಾರಿಕರು ಕೊಡುವ ಉದಾಹರಣೆಯಲ್ಲಿ ಗಂಗಾಶಬ್ದವು ಲಕ್ಷಣೆಯಿಂದ ತೀರವನ್ನು ಬೋಧಿಸುವಂತೆ, ಇಲ್ಲಿ ಹೊಳೆಯೆಂದರೆ ಹೊಳೆಯ ದಡ. ಇಂಗ್ಲಿಷಿನವರು ಬೇರೊಂದು ಶಬ್ದವನ್ನು ಹಾಕಿ ಹೇಳಬೇಕಾದುದನ್ನು ನಮ್ಮ ಊರುಕಟ್ಟಿದವರು ಲಕ್ಷಣೆಯಿಂದಲೇ ಸಾಧಿಸಿದರು.

ಇಂತಹ ವಿಶೇಷಣಗಳನ್ನು ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸುವುದಕ್ಕೆ ಇಡುತ್ತಾರೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದು ಸರಿಯೇ, ಆದರೆ ಇದರಲ್ಲಿ ಒಂದು ಚಮತ್ಕಾರವಿದೆ. ಇದೇ ಭದ್ರೆಯ ದಂಡೆಯಲ್ಲಿ ಮೇಲುಗಡೆ, ಚಿಕ್ಕಮಗಳೂರು ಜಿಲ್ಲೆಯಲ್ಲಿ, ರಂಭಾಪುರಿ ಪೀಠವಿರುವ ಬಾಳೆಹೊನ್ನೂರಿದೆ. ಎರಡು ಹೊನ್ನೂರುಗಳೂ ಹೊಳೆಯ ಊರುಗಳೇ. ಬಿರುದು ಸಿಕ್ಕಿದ್ದು ಒಂದಕ್ಕೆ ಮಾತ್ರ. ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಹೊಳೆ ದೊರೆಯಿತು; ಕಾವೇರಿ ಕಪಿಲೆಗಳು ಕೂಡುವ ಇನ್ನೊಂದು ನರಸೀಪುರಕ್ಕೆ ತಿರುಮಕೂಡಲೆಂಬುದು ದೊರೆಯಿತು. ವಿಶೇಷಣವು ವ್ಯಾವರ್ತಕವಾಗಬೇಕೆಂದು ತರ್ಕವು ಹೇಳಿದರೂ ಜನರು ಹೆಸರಿಡುವಾಗ ತರ್ಕಶಾಸ್ತ್ರಿಗಳನ್ನು ಕೇಳುವುದಿಲ್ಲವಷ್ಟೆ.

ಇನ್ನು ‘ಹೊನ್ನೂರು’. ಪಕಾರವು ಹಕಾರವಾಗುವ ಮೊದಲು ಇದು ‘ಪೊನ್’. ಹೆಸರಿನಲ್ಲಿರುವುದು ಚಿನ್ನವೇ ಎಂದು ಖಂಡಿತವಾಗಿ ಹೇಳುವುದಕ್ಕೆ ಮುಂಚೆ ಮಲೆನಾಡಿನ ಹೊನ್ನೆಯ ಮರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸ್ಥಳನಾಮಗಳ ವಿಷಯದಲ್ಲಿ ಚಿನ್ನದ ಆಸೆಯು ವಿದ್ವಾಂಸರನ್ನೂ ದಾರಿತಪ್ಪಿಸುವುದುಂಟು. ಚಿನ್ನವೆಂದೇ ಹಿಡಿದರೂ ‘ಹೊನ್ನು’ ಎಂಬುದು ಲೋಹವೂ ಹೌದು, ನಾಣ್ಯವೂ ಹೌದು. ಈ ಸೀಮೆಯಲ್ಲಿ ನಾಣ್ಯದ ಅರ್ಥಕ್ಕೆ ಪ್ರಾಬಲ್ಯವಿದ್ದುದು ಸಹಜ. ಕೆಳದಿಯ ನಾಯಕರ ಇಕ್ಕೇರಿ ವರಾಹವು ದೂರದೂರಕ್ಕೆ ಸಂದ ನಾಣ್ಯ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲ್ಲಿಯು ಅದರ ಮೇಲಣ ಶಿವಪಾರ್ವತಿಯರ ಬಿಂಬವನ್ನು ತೆಗೆಯದೆಯೇ ತನ್ನ ನಾಣ್ಯವನ್ನು ಅಚ್ಚುಹಾಕಿಸಿದನು. ಮರಾಠಿಯ ‘ಹೋನ’, ಹಿಂದುಸ್ತಾನಿಯ ‘ಹೂನ್’ ಎಂಬುವು ನಮ್ಮ ಹೊನ್ನಿನ ರೂಪಾಂತರಗಳೆಂದು ತೋರುತ್ತವೆ. ಶಿವಾಜಿಯ ‘ಶಿವರಾಯಿ ಹೋನ’ದಲ್ಲಿಯೂ ಅದೇ ಇದೆ. ಇಂಗ್ಲಿಷಿನ ‘ಬ್ಯಾಂಕ್’ ನಮ್ಮಲ್ಲಿಗೆ ಬರುವುದಕ್ಕೆ ಬಹಳ ಮುಂಚೆಯೇ ಕನ್ನಡದ ಹಣದ ಮಾತೊಂದು ಹೊರನಾಡಿಗೆ ಎರವಾಗಿ ಹೋಗಿದ್ದಿತು.

ದಡಕ್ಕೆ ನಮ್ಮಲ್ಲಿ ಶಬ್ದದಾರಿದ್ರ್ಯವಿಲ್ಲ. ಅಮರಸಿಂಹನು ಕೂಲ, ರೋಧಸ್, ತೀರ, ಪ್ರತೀರ, ತಟ ಎಂದು ಐದನ್ನು ಹೇಳಿ, ಆಚೆಯದಕ್ಕೆ ಪಾರವೆಂದೂ ಈಚೆಯದಕ್ಕೆ ಅವಾರವೆಂದೂ ಬೇರೆ ಹೆಸರುಗಳನ್ನು ಕೊಡುತ್ತಾನೆ. ಕನ್ನಡದಲ್ಲಿ ದಡ, ತಡಿ, ಕರೆ, ದಂಡೆ ಇವೆ. ಕರೆಯೆಂಬುದು ಪಂಚೆಯ ಅಂಚಿಗೂ ಸಲ್ಲುತ್ತದೆ. ದಂಡೆಯು ಹೂವಿನ ಮಾಲೆಗೂ ಸಲ್ಲುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯವು 1965ರಲ್ಲಿ ಮುಗಿದ ಮೇಲೆ ಎಡದಂಡೆ ನಾಲೆ, ಬಲದಂಡೆ ನಾಲೆ ಎಂಬುವು ಈ ಭಾಗದ ರೈತರ ನಿತ್ಯದ ಮಾತಾದುವು. ಇವು ಇಂಗ್ಲಿಷಿನ ‘ಬ್ಯಾಂಕ್’ಗೆ ದಂಡೆಯನ್ನು ಇಟ್ಟು ಮಾಡಿದ ಅನುವಾದಗಳು, ಅಚ್ಚುಕಟ್ಟಾದ ಅನುವಾದಗಳೇ. ಆದರೆ ಎಡಬಲಗಳನ್ನು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತು ಎಣಿಸಬೇಕೆಂಬ ಸಂಕೇತವನ್ನೂ ಜೊತೆಗೆ ಕಲಿಯಬೇಕಾಯಿತು. ಹಳೆಯ ಪಾರಾವಾರಗಳು ನಿಂತು ನೋಡುವವನನ್ನು ಅನುಸರಿಸುತ್ತವೆ, ಹೊಸ ಎಡಬಲಗಳು ನದಿಯನ್ನು ಅನುಸರಿಸುತ್ತವೆ; ಈ ಭೇದವು ಪಾಠಹೇಳುವವರು ಗಮನಿಸತಕ್ಕುದು.

ಈಗ ಮೊದಲು ಸೂಚಿಸಿದ ಕನ್ನಡ ಶಬ್ದಕ್ಕೆ ಬರುತ್ತೇನೆ. ಅದು ‘ಕಟ್ಟೆ’. ಕಟ್ಟು ಎಂಬ ಧಾತುವಿನಿಂದ ಬಂದ ಈ ಪದಕ್ಕೆ ನೀರನ್ನು ತಡೆಯುವ ಒಡ್ಡು ಎಂದು ಒಂದರ್ಥ: ಕೆರೆಯ ಕಟ್ಟೆ, ಅಣೆಕಟ್ಟೆ, ಕನ್ನಂಬಾಡಿ ಕಟ್ಟೆ. ಜನರು ಕೂರುವ ಜಗಲಿಯೆಂದು ಇನ್ನೊಂದು: ಅರಳಿಕಟ್ಟೆ, ಬಾವಿಕಟ್ಟೆ. ಉಬ್ಬಿದ ನೆಲ ಮತ್ತು ಆಸನ, ‘ಬ್ಯಾಂಕ್’ ಮತ್ತು ‘ಬೆಂಚು’, ಇಂಗ್ಲಿಷಿನಲ್ಲಿ ಎರಡಾಗಿ ಒಡೆದುಹೋದ ಅರ್ಥಗಳು ಇಲ್ಲಿ ಒಂದೇ ಪದದಲ್ಲಿ ಇಂದಿಗೂ ಕೂಡಿವೆ. ಹಣದ ಅರ್ಥವೂ ಇದರಲ್ಲಿ ಮೊಳೆಯದೆ ಹೋಗಲಿಲ್ಲ. ಸುಂಕವನ್ನು ವಸೂಲುಮಾಡುವ ಠಾಣ್ಯಕ್ಕೆ ‘ಸುಂಕದ ಕಟ್ಟೆ’ ಎಂದು ಹೆಸರು. ಸುಂಕವನ್ನು ತಪ್ಪಿಸಲು ರಾತ್ರಿಯೆಲ್ಲ ಸುತ್ತಿದವನಿಗೆ ಅದರ ಮುಂದೆಯೇ ಬೆಳಗಾದ ಕಥೆಯು ಗಾದೆಯಾಗಿ ಮನೆಮನೆಯಲ್ಲಿಯೂ ಇದೆ. ಹಾಗಿದ್ದರೂ ಕಟ್ಟೆಯು ಸಾಲಕೊಡುವ ಸ್ಥಾನವಾಗಿ ಬೆಳೆಯಲಿಲ್ಲ. ನನಗೆ ತೋರುವ ಕಾರಣವಿದು: ನಮ್ಮಲ್ಲಿ ಕಟ್ಟೆಯು ಊರವರದು ಅಥವಾ ಅರಸನದು, ಚಿನಿವಾರನೂ ಸಾಹುಕಾರನೂ ಕೂರುತ್ತಿದ್ದುದು ತಮ್ಮ ಅಂಗಡಿಯ ಗಾದಿಯ ಮೇಲೆ. ಇಟಲಿಯಲ್ಲಿ ಹಲಗೆಯು ಸಂತೆಯ ಬೀದಿಗೆ ಬಂದಿತು, ಇಲ್ಲಿ ಗಾದಿಯು ಒಳಗೇ ಉಳಿಯಿತು.

ವ್ಯವಹಾರವು ಮಾತ್ರ ನಮಗೆ ಹೊಸದಲ್ಲ. ದೇವಾಲಯಗಳಿಗೆ ಗದ್ಯಾಣಗಳನ್ನು ಮೂಲಧನವಾಗಿ ಕೊಟ್ಟು ಬಡ್ಡಿಯಿಂದ ನಂದಾದೀವಿಗೆ ನಡೆಯಬೇಕೆಂದು ವಿಧಿಸಿದ ಶಾಸನಗಳು ಕನ್ನಡ ನಾಡಿನಲ್ಲಿ ಹಲವಿವೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಉಪನಿಧಿಯನ್ನೂ ಋಣಾದಾನವನ್ನೂ ವಿಸ್ತಾರವಾಗಿ ನಿರ್ಣಯಿಸಿದ್ದಾನೆ. ಮಂಗಳೂರಿನಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಸಂಸ್ಥೆಯ ಮೊದಲ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ‘ಬ್ಯಾಂಕ್’ ಎಂಬ ಪದವು 1910ರಲ್ಲಿ ಬಂದು ಸೇರಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು. ಅದು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾದರೂ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ವೃತ್ತವೆಂಬ ಹೆಸರು ಉಳಿದಿದೆ. ಶಬ್ದವು ವಸ್ತುವಿಗಿಂತ ದೀರ್ಘಾಯು.

ಈಗ ಪ್ರತಿಪದದ ಪ್ರಶ್ನೆ. ಅಧಿಕೋಶ, ಧನಾಗಾರ ಮುಂತಾದ ಸಂಸ್ಕೃತ ಪದಗಳನ್ನು ಕಟ್ಟುವುದು ಸುಲಭ. ಸಂಸ್ಕೃತಪಾಠಶಾಲೆಯಲ್ಲಿ ಬೆಳೆದ ನಾನು ಅವುಗಳ ಪಕ್ಷ ವಹಿಸುವೆನೆಂದು ವಾಚಕರು ನಿರೀಕ್ಷಿಸಬಹುದು. ನಾನು ವಹಿಸಲಾರೆ. ‘ಬ್ಯಾಂಕ್’ ಕನ್ನಡದಲ್ಲಿ ಉಕಾರವನ್ನು ಪಡೆದು ‘ಬ್ಯಾಂಕು’ ಆಗಿದೆ. ಬ್ಯಾಂಕಿನಲ್ಲಿ, ಬ್ಯಾಂಕಿಗೆ ಎಂದು ವಿಭಕ್ತಿಗಳನ್ನು ಹೊತ್ತಿದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವನ್ನು ಬರೆದುದು ಪರಭಾಷೆಯ ಪದಗಳು ಕನ್ನಡದ ನಾಲಗೆಗೆ ಒಗ್ಗುವ ಕ್ರಮವನ್ನು ಒಪ್ಪಿಕೊಂಡೇ. ರಕ್ತದ ವಿಷಯದಲ್ಲಿ ‘ರಕ್ತನಿಧಿ’ ಎಂಬ ಸಮಾಸವು ಸೊಗಸಾಗಿ ನೆಲೆನಿಂತಿದೆ, ಅದನ್ನು ಇಟ್ಟುಕೊಳ್ಳೋಣ. ಹಣದ ಮನೆಗೆ ಬ್ಯಾಂಕೇ ಇರಲಿ. ಕನ್ನಡದ ನುಡಿಗಟ್ಟು ಅದಕ್ಕೆ ಆಗಲೇ ತನ್ನ ಮುದ್ರೆಯನ್ನೊತ್ತಿದೆ: ಹಣ ತೀರಿಸಲಾಗದೆ ನಿಂತುಹೋದ ಬ್ಯಾಂಕನ್ನು ನಾವು ‘ಮುಳುಗಿತು’ ಎನ್ನುತ್ತೇವೆ. ಇಟಲಿಯಲ್ಲಿ ಮುರಿದದ್ದು ನಮ್ಮಲ್ಲಿ ಮುಳುಗುತ್ತದೆ. ಹೊಳೆಯ ದಡದಿಂದ ಬೇರೆಯಾದ ಶಬ್ದವನ್ನು ಕನ್ನಡವು ತಿಳಿಯದೆಯೇ ನೀರಿಗೆ ಮರಳಿಸಿದೆ.

ಕೊಡುಕೊಳ್ಳುವಿಕೆಯು ಒಂದೇ ಕಡೆಯದೂ ಅಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಯ ಸಮಾಜವ್ಯವಸ್ಥೆಯನ್ನು ಕುರಿತು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಊರಿನ ಯಜಮಾನನ ಅಂಕೆಯಲ್ಲಿರುವ ಮತಗಳ ಸಮೂಹಕ್ಕೆ ‘ವೋಟ್ ಬ್ಯಾಂಕ್’ ಎಂಬ ಹೆಸರನ್ನಿಟ್ಟರು. ಇಂದು ಇಂಗ್ಲಿಷ್ ಕೋಶಗಳಲ್ಲಿ ಈ ಶಬ್ದದ ಕೆಳಗೆ ನಿಂತಿರುವ ಆ ಪ್ರಯೋಗವು ಹುಟ್ಟಿದುದು ಕನ್ನಡದ ಹಳ್ಳಿಯೊಂದರ ಕಟ್ಟೆಯ ಮಾತುಕತೆಗಳನ್ನು ಕೇಳಿ ಬರೆದ ಲೇಖನದಲ್ಲಿ.