ನೀಂಡಕರದ ಸರಪಳಿ

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸು, ಅದು ಇದು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸೋಮಾರಿತನ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಸರಪಳಿಯಿಂದಾಗಿ.

ಕೆಲಸದ ಮೇಲೆ ತಿರುವನಂತಪುರದಲ್ಲಿದ್ದಾಗ ಕೊಲ್ಲಂ ಕಡೆಯ ಗೆಳೆಯನೊಬ್ಬ ಜೂನ್ 9ರ ರಾತ್ರಿ ನನ್ನನ್ನು ನೀಂಡಕರಕ್ಕೆ ಕರೆದುಕೊಂಡು ಹೋಗಿದ್ದ. ಅಷ್ಟಮುಡಿ ಹಿನ್ನೀರು ಸಮುದ್ರ ಸೇರುವ ಅಳಿವೆ ಅದು, ಮೇಲೆ ಹೆದ್ದಾರಿಯ ಸೇತುವೆ. ಮಧ್ಯರಾತ್ರಿ ಸೇತುವೆಯ ಕಂಬಗಳ ನಡುವೆ ಸರಪಳಿ ಎಳೆದು ಕಟ್ಟಿದರು. ಅಷ್ಟೇ. ಒಳಗಿದ್ದ ಟ್ರಾಲ್ ಬೋಟುಗಳೆಲ್ಲ ಜುಲೈ ಮುಗಿಯುವವರೆಗೆ ಅಂದರೆ 52 ದಿನ ಬಂದಿ!

ಕುಂದಾಪುರ ಕಡೆಯವನಾದ ನನಗೆ ಮಳೆಗಾಲದ ನಿಷೇಧ ಹೊಸದಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31, 61 ದಿನ. ಆ ಎರಡು ತಿಂಗಳು ಮನೆಯಲ್ಲಿ ಒಣಮೀನಿನ ಚಟ್ನಿ. ಶಾಲೆಗೆ ಬೇಸಿಗೆ ರಜೆ ಇದ್ದಂತೆ ಮೀನಿಗೂ ರಜೆ, ಯಾರೋ ಅಧಿಕಾರಿ ಕೂತು ಬರೆದ ನಿಯಮ ಅಂತಲೇ ಅಂದುಕೊಂಡಿದ್ದೆ. ಇದಕ್ಕಾಗಿ ಜನ ಉಪವಾಸ ಬಿದ್ದಿದ್ದರು, ಲಾಠಿ ಏಟು ತಿಂದಿದ್ದರು ಅಂತ ಗೊತ್ತಾಗಿದ್ದು ಆ ರಾತ್ರಿ.

ಕಥೆ ಶುರುವಾಗುವುದೂ ಇದೇ ನೀಂಡಕರದಲ್ಲಿ. 1953ರಲ್ಲಿ ಇಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕೆಲಸ ಆರಂಭಿಸಿತು. ಉದ್ದೇಶ ಒಳ್ಳೆಯದೇ. ಬಡ ಮೀನುಗಾರರ ದೋಣಿಗೆ ಎಂಜಿನ್ ಕೊಡುವುದು, ಮಂಜುಗಡ್ಡೆ ಕಾರ್ಖಾನೆ, ಆಸ್ಪತ್ರೆ, ಕುಡಿಯುವ ನೀರು. ಆದರೆ ಅಷ್ಟರಲ್ಲಿ ಅಮೆರಿಕ, ಜಪಾನುಗಳಲ್ಲಿ ಸಿಗಡಿಗೆ ಬೆಲೆ ಬಂತು. ಸಿಗಡಿ ಇರುವುದು ತಳದಲ್ಲಿ, ತಳ ಗುಡಿಸಲು ಟ್ರಾಲ್ ಬಲೆ ಬೇಕು. ಚೀಲದಂಥ ಬಲೆ, ಬಾಯಿ ಅಗಲಿಸಿ ಹಿಡಿಯಲು ಎರಡು ಹಲಗೆ, ಎಳೆದುಕೊಂಡು ಹೋಗಲು ಬೋಟು. ಸಿಗಡಿಯ ಜೊತೆ ಮರಿ, ಮೊಟ್ಟೆ, ಏಡಿ, ಪಾಚಿ ಎಲ್ಲವೂ ಬರುತ್ತದೆ. ಬೇಡದ್ದನ್ನು ಸತ್ತ ಮೇಲೆ ವಾಪಸ್ ಸಮುದ್ರಕ್ಕೇ ಸುರಿಯುವುದು. ಮೀನುಗಾರಿಕೆ ಗೊತ್ತಿಲ್ಲದವರೂ ಹಣ ಹಾಕಿ ಬೋಟು ಕೊಂಡರು. ದಡದ ಹತ್ತಿರವೇ ಓಡಾಡುವ ಈ ಬೋಟುಗಳು ಕಟ್ಟುಮರದವರ ಬಲೆಗಳನ್ನು ಹರಿದುಕೊಂಡು ಹೋಗುತ್ತಿದ್ದವು. ಸಮುದ್ರದ ಮೇಲೇ ಹೊಡೆದಾಟ, ಬೋಟು ಸುಡುವುದು ಎಲ್ಲ ನಡೆಯಿತು.

ಜಗಳ ಕೇರಳದ್ದು ಮಾತ್ರ ಅಂದುಕೊಳ್ಳಬೇಡಿ. ಗೋವಾದಲ್ಲಿ ಮತಾನ್ಹಿ ಸಲ್ಡಾನಾ ಮುಂದಾಳತ್ವದಲ್ಲಿ ರಾಂಪೊಣಕಾರರು ಬೀದಿಗಿಳಿದರು. 1978ರಲ್ಲಿ ಬೇರೆ ಬೇರೆ ರಾಜ್ಯಗಳವರು ಸೇರಿ ರಾಷ್ಟ್ರೀಯ ವೇದಿಕೆಯೊಂದನ್ನು ಕಟ್ಟಿದರು, ಮುಂದೆ ಅದೇ ನ್ಯಾಷನಲ್ ಫಿಶ್‌ವರ್ಕರ್ಸ್ ಫೋರಂ ಆಯಿತು. ಕೇರಳ 1980ರಲ್ಲಿ ಕಾಯ್ದೆಯನ್ನೇನೋ ಮಾಡಿತು, ಮಳೆಗಾಲದಲ್ಲಿ ಟ್ರಾಲಿಂಗ್ ನಿಲ್ಲಿಸಿ ಎಂದರೆ ಮಾತ್ರ ಸರ್ಕಾರಗಳು ನುಣುಚಿಕೊಳ್ಳುತ್ತಿದ್ದವು. ಮೊದಮೊದಲು ವಿನಾಯಿತಿ ಸಿಕ್ಕಿದ್ದು ಯಾರಿಗೆ ಹೇಳಿ? ಇದೇ ನೀಂಡಕರಕ್ಕೆ. ಕರಿಕ್ಕಾಡಿ ಅನ್ನುವ ಸಿಗಡಿ ಇಲ್ಲಿ ಯಥೇಚ್ಛ ಸಿಗುವುದೇ ಮಳೆಗಾಲದಲ್ಲಿ. ಬೋಟಿನವರಿಗೆ ಅದೇ ಸುಗ್ಗಿ.

1981ರಲ್ಲಿ ಥಾಮಸ್ ಕೋಚೇರಿ ಅನ್ನುವ ಪಾದ್ರಿ ಉಪವಾಸ ಕೂತರು. 1984ರಲ್ಲಿ ಮತ್ತೆ ಚಳವಳಿ, ಈ ಸಲ ಸನ್ಯಾಸಿನಿಯರೂ ಉಪವಾಸಕ್ಕಿಳಿದರು. ವಿಚಿತ್ರ ನೋಡಿ, ಬೋಟು ಮಾಲೀಕರಲ್ಲೂ ಕಟ್ಟುಮರದವರಲ್ಲೂ ಅದೇ ಚರ್ಚಿಗೆ ಹೋಗುವವರೇ ಬಹಳ. ಬಿಷಪ್ಪರಿಗೆ ಇಕ್ಕಟ್ಟು, ಪಾದ್ರಿಗಳು ಬೀದಿಯಲ್ಲಿ ಕೂರುವುದು ಅವರಿಗೆ ಹಿಡಿಸಲಿಲ್ಲ.

ಸರ್ಕಾರ ಎಂದಿನಂತೆ ಸಮಿತಿ ಮಾಡಿತು. ಒಂದಲ್ಲ, ಮೂರು! ಬಾಬು ಪೌಲ್ ಸಮಿತಿಯಲ್ಲಿ ಒಮ್ಮತವೇ ಮೂಡಲಿಲ್ಲ. ಕಲಾವರ್ ಸಮಿತಿ 2,807 ಟ್ರಾಲರುಗಳನ್ನು 1,145ಕ್ಕೆ ಇಳಿಸಿ ಎಂದಿತು, ಯಾರೂ ಇಳಿಸಲಿಲ್ಲ. ಕೊನೆಗೆ ಬಾಲಕೃಷ್ಣನ್ ನಾಯರ್ ಸಮಿತಿ ಕೂತ ಹೊತ್ತಿಗೆ, 1988ರಲ್ಲಿ, ನಿಷೇಧ ಜಾರಿಗೆ ಬಂತು.

ನನಗೆ ಇಲ್ಲಿ ಕುತೂಹಲ ಅನ್ನಿಸಿದ್ದು ಇದು. ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾಗಲೇ, ದಿನದ ಗಂಜಿಗೆ ಸಮುದ್ರವನ್ನೇ ನಂಬಿದ್ದವರು "ಹಿಡಿಯುವುದನ್ನು ನಿಲ್ಲಿಸಿ" ಅಂದರು. ಪರಿಸರ ಹೋರಾಟ ಅಂದರೆ ಹೊಟ್ಟೆ ತುಂಬಿದವರ ಹವ್ಯಾಸ ಅಂತ ನಮ್ಮ ಕ್ಯಾಂಟೀನಿನಲ್ಲಿ ದಿನಾ ವಾದಿಸುವ ಮಿತ್ರರು ಇದನ್ನು ಓದಲಿ :-)

1989ರ ಏಪ್ರಿಲಿನಲ್ಲಿ ಪೂರ್ವ, ಪಶ್ಚಿಮ ಎರಡೂ ಕರಾವಳಿಗಳಿಂದ ಜಾಥಾ ಹೊರಟಿತು, ನೀರನ್ನು ಉಳಿಸಿ, ಬದುಕನ್ನು ಉಳಿಸಿ ಎಂಬ ಘೋಷಣೆಯೊಂದಿಗೆ. ಮೇ 1ರಂದು ಕನ್ಯಾಕುಮಾರಿಯಲ್ಲಿ ಎರಡೂ ಸೇರಿದವು. ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಲವರಿಗೆ ಗಾಯ.

ಆಮೇಲಿನದು ಸಿನಿಮಾದಂತಿದೆ. 1991ರ ನಂತರ ಕೇಂದ್ರ ಸರ್ಕಾರ ವಿದೇಶಿ ಹಡಗುಗಳ ಜೊತೆ ಆಳಸಮುದ್ರ ಮೀನುಗಾರಿಕೆಗೆ ಅನುಮತಿ ಕೊಟ್ಟಾಗ, ಟ್ರಾಲ್ ಬೋಟಿನವರೂ ಕಟ್ಟುಮರದವರೂ ಒಂದೇ ವೇದಿಕೆ ಹತ್ತಿದರು! 1994ರಲ್ಲಿ ದೇಶವ್ಯಾಪಿ ಮುಷ್ಕರ, ಮತ್ತೆ ಉಪವಾಸ, ಮುರಾರಿ ಸಮಿತಿ. 1996ರಲ್ಲಿ ಆ ಸಮಿತಿ, ಅನುಮತಿಗಳನ್ನು ರದ್ದು ಮಾಡಿ ಎಂದಿತು. ಕೋಚೇರಿಯವರಿಗೆ ಒಂದೂವರೆ ಲಕ್ಷ ಡಾಲರಿನ ಪ್ಯೂ ಪ್ರಶಸ್ತಿ ಬಂದಾಗ, ಅದರ ಹಿಂದೆ ತೈಲ ಕಂಪನಿಯ ದುಡ್ಡಿದೆ ಅಂತ ಬೇಡ ಅಂದರು. ಅವರು ತೀರಿಕೊಂಡದ್ದು 2014ರಲ್ಲಿ.

ಹಾಗಂತ ಒಂದು ಕಡೆಯವರೆಲ್ಲ ದೇವರು, ಇನ್ನೊಂದು ಕಡೆಯವರೆಲ್ಲ ರಾಕ್ಷಸರು ಅಂತ ಬರೆದರೆ ಸುಳ್ಳಾಗುತ್ತದೆ. ಪೈಪೋಟಿಗೆ ಬಿದ್ದು ನಾಡದೋಣಿಯವರೂ ಎಂಜಿನ್ ಕಟ್ಟಿಕೊಂಡರು, ರಿಂಗ್ ಸೀನ್ ಎಂಬ ದೊಡ್ಡ ಸುತ್ತುಬಲೆ ತಂದರು. ಪರ್ಸೀನ್ ಜೊತೆ ರಿಂಗ್ ಸೀನನ್ನೂ ಕರಾವಳಿ ನೀರಿನಲ್ಲಿ ನಿಷೇಧಿಸಿದ್ದನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು, ಬಲೆ ಮಾತ್ರ ದೊಡ್ಡದಾಗುತ್ತಲೇ ಹೋಯಿತು. ಸಣ್ಣ ಬೈಗೆ ಮರಿಯನ್ನೂ ಬಿಡದ ಬಲೆ ಅದು. ಸಾಲ ಮಾಡಿ ಎಂಜಿನ್ ಕೊಂಡವನಿಗೆ ಮರಿ ಯಾವುದು, ತಾಯಿ ಯಾವುದು ಅಂತ ನೋಡುವ ವ್ಯವಧಾನ ಎಲ್ಲಿರುತ್ತದೆ?

ನಮ್ಮಲ್ಲೇನಾಯ್ತು? ಊರಿಗೆ ಹೋದಾಗ ಅಜ್ಜನನ್ನು ಕೇಳಿದೆ. ಅವರ ಕಾಲದಲ್ಲಿ ರಂಪಣಿ ಇತ್ತು. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯಿಂದ ಬಂಗುಡೆ, ಬೈಗೆ ಹಿಂಡನ್ನು ಸುತ್ತುಹಾಕಿ, ಎರಡೂ ತುದಿ ಹಿಡಿದು ಹತ್ತಾರು ಜನ ದಡದಿಂದ ಎಳೆಯುವುದು. ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಖಾಲಿ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಈಗ ಪರ್ಸೀನಿನವರ ಮೇಲೂ ಬೆಳಕು ಹಾಕಿ ಹಿಡಿಯುವವರು ಬಂದಿದ್ದಾರೆ. 2017ರಲ್ಲಿ ಕೇಂದ್ರ ಅದನ್ನು ನಿಷೇಧಿಸಿದೆ, ಕಾಗದದ ಮೇಲೆ.

"ನೀವ್ಯಾಕಜ್ಜ ಗಲಾಟೆ ಮಾಡಲಿಲ್ಲ?" ಅಂದೆ.

"ಮಾಡ್ದೆ ಏನ್? ನಮ್ಮನಿ ಮಕ್ಳೇ ಆ ಬೋಟಿಗೆ ಹೋತಿದ್ರಲ, ಯಾರ್ ಮೇಲ್ ಮಾಡುದ್?" ಅಂದರು.

ಹಿತ್ತಲಿನಲ್ಲಿ ಹಾಗಲ ಬಳ್ಳಿಗೆ ಕಟ್ಟಿರುವ ಬಲೆ ಆ ರಂಪಣಿಯದೇ ತುಂಡಂತೆ. ಇಷ್ಟು ವರ್ಷ ನೋಡಿದ್ದೆ, ಕೇಳಿರಲಿಲ್ಲ. ನಿಮ್ಮ ಕಡೆ ರಂಪಣಿ ಎಳೆದವರು ಯಾರಾದರೂ ಇದ್ದರೆ ಮಾತಾಡಿಸಿ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.