ಎರಡು ಸ್ವರಗಳ ಸಾಲ

1952ರ ಜೂನ್ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ವಾಗ್ನರನ 'ಟ್ರಿಸ್ಟಾನ್ ಮತ್ತು ಇಸೋಲ್ಡೆ' ಆಪೆರಾವನ್ನು ಆದ್ಯಂತವಾಗಿ ಧ್ವನಿಮುದ್ರಣ ಮಾಡಿಕೊಂಡರು. ವಾದ್ಯವೃಂದವನ್ನು ನಡೆಸಿದವರು ಜರ್ಮನಿಯ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್; ಇಸೋಲ್ಡೆಯಾಗಿ ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಪಾತ್ರಕ್ಕೆ ಅವರನ್ನು ಬಿಟ್ಟರೆ ಬೇರೆ ಕಂಠವಿಲ್ಲವೆಂದು ಯೂರೋಪು ಅಮೆರಿಕಗಳ ರಸಿಕರು ಎಷ್ಟೋ ವರ್ಷ ನಂಬಿದ್ದರು. ಆದರೆ ಆಗ ಅವರಿಗೆ 56 ವಯಸ್ಸು. ಎರಡನೆಯ ಅಂಕದಲ್ಲಿ ಪ್ರೇಮಿಗಳು ಇರುಳಿನಲ್ಲಿ ಸಂಧಿಸಿದೊಡನೆ ಇಸೋಲ್ಡೆ 'ಹೈ ಸಿ' ಎಂಬ ಎತ್ತರದ ಸ್ವರವನ್ನು ಎರಡು ಬಾರಿ ಮುಟ್ಟಬೇಕು. ಅಷ್ಟು ಮೇಲಕ್ಕೆ ಏರಲು ಫ್ಲಾಗ್‌ಸ್ಟಾಡ್ ಅವರಿಗೆ ಧೈರ್ಯ ಸಾಲಲಿಲ್ಲ. ಆ ಎರಡು ಸ್ವರಗಳನ್ನು ಮಾತ್ರ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಎಂಬ ಕಿರಿಯ ಗಾಯಕಿ ಹಾಡಿಕೊಟ್ಟರು.

ಇಂಥ ಗುಟ್ಟು ಎಷ್ಟು ದಿನ ನಿಂತೀತು? ಸುದ್ದಿ ಹೊರಬಿತ್ತು. ನಾಲ್ಕು ಗಂಟೆಯ ಗಾನವನ್ನು ಮರೆತು ಜನ ಎರಡು ಕ್ಷಣಗಳ ವಿಚಾರ ಎತ್ತಿ ಆಡಿದರು. ಹಿರಿಯ ಗಾಯಕಿ ಬಹಳ ನೊಂದುಕೊಂಡರು. ಮುಂದೆ ಅವರು ತಟ್ಟೆಗಳಿಗೆ ಹಾಡಿದ್ದು ಇನ್ನೊಂದು ಸಂಸ್ಥೆಯಾದ ಡೆಕ್ಕಾದವರಿಗೆ.

ಈ ಮುದ್ರಣದ ಸೂತ್ರಧಾರ ವಾಲ್ಟರ್ ಲೆಗ್. ಶ್ವಾರ್ಟ್ಸ್‌ಕೋಫ್ ಮರುವರ್ಷ ಕೈಹಿಡಿದದ್ದು ಇವರನ್ನೇ. ಲೆಗ್ ಅವರ ಹೆಸರು ನಮ್ಮ ಮೈಸೂರಿಗೆ ಅಪರಿಚಿತವಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಆಳವಾದ ಪರಿಶ್ರಮವಿದ್ದ ಜಯಚಾಮರಾಜ ಒಡೆಯರು ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಬೆಂಬಲವಾಗಿ ನಿಂತಿದ್ದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ಹಾಡಿದಾಗ, ಕಚೇರಿಯ ಖರ್ಚಿಗೆ ಭರವಸೆ ಕೊಟ್ಟವರು ಅವರೇ. ಅಂದು ಹಾಡಿದವರು ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಎರಡು ವರ್ಷದ ಅನಂತರ ಟ್ರಿಸ್ಟಾನಿಗೆ ಸೇರಿದ್ದೂ ಇದೇ ಮೂವರು.

ಹಳೆಯ 78 ಸುತ್ತಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಇಡೀ ಟ್ರಿಸ್ಟಾನನ್ನು ಕೇಳಬೇಕಾದರೆ ಐವತ್ತಕ್ಕೂ ಹೆಚ್ಚು ಸಲ ಎದ್ದು ಮುಳ್ಳನ್ನು ಎತ್ತಿ ಇಡಬೇಕಾಗುತ್ತಿತ್ತು! 1948ರಲ್ಲಿ ದೀರ್ಘಕಾಲ ನುಡಿಯುವ ತಟ್ಟೆ ಬಂದ ಮೇಲೆ ಮನೆಯ ಕುರ್ಚಿಯಲ್ಲಿ ಕುಳಿತು ಒಂದು ಅಂಕವನ್ನು ನೆಮ್ಮದಿಯಾಗಿ ಕೇಳುವುದು ಸಾಧ್ಯವಾಯಿತು. ಒಂದೇ ಕೃತಿಯನ್ನು ಇಬ್ಬರು ಮೂವರಿಂದ ಕೇಳಿ ತೂಗಿನೋಡುವ ಚಟವೂ ಅದರ ಜೊತೆಗೇ ಬೆಳೆಯಿತು.

ಅಲ್ಲಿ ತೂಗುವುದಕ್ಕೆ ಏನಿದೆ ಎಂದು ನಮ್ಮವರು ಕೇಳಬಹುದು. ಒಂದೇ ರಾಗವನ್ನು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಬೆಳೆಸುವುದು ನಮಗೆ ಸಹಜ. ವಾಗ್ನರ್ ಆದರೋ ಪ್ರತಿಯೊಂದು ಸ್ವರವನ್ನೂ ಬರೆದಿಟ್ಟು ಹೋದವನು. ನಿಜ. ಆದರೆ ಕಾಲವನ್ನು ಯಾರೂ ಪೂರ್ತಿ ಬರೆದಿಡಲಾರರು. ಫುರ್ಟ್‌ವೆಂಗ್ಲರ್ ಈ ಕೃತಿಗೆ ತೆಗೆದುಕೊಂಡದ್ದು ಸುಮಾರು 4 ಗಂಟೆ 15 ನಿಮಿಷ. 1966ರ ಬೇಸಗೆಯಲ್ಲಿ, ವಾಗ್ನರ್ ತನಗಾಗಿಯೇ ಕಟ್ಟಿಸಿಕೊಂಡ ಬೈರೊಯ್ಟ್ ರಂಗಮಂದಿರದಲ್ಲಿ ಕಾರ್ಲ್ ಬೋಮ್ ಇದನ್ನೇ ಸುಮಾರು 3 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ಅರ್ಧ ಗಂಟೆಗೂ ಮೀರಿದ ಅಂತರ!

ಆ ಅರ್ಧ ಗಂಟೆ ಹೋದದ್ದೆಲ್ಲಿ? ಪೂರ್ವರಂಗದಲ್ಲೇ ಉತ್ತರ ಸಿಗುತ್ತದೆ. ಮೊದಲ ಸ್ವರಗುಚ್ಛ ನಿಲುಗಡೆಯಿಲ್ಲದೆ ತೂಗಾಡಿ, ಮೌನಕ್ಕೆ ಇಳಿಯುತ್ತದೆ. ಫುರ್ಟ್‌ವೆಂಗ್ಲರ್ ಆ ಮೌನವನ್ನು ಎಳೆಯುತ್ತಾರೆ. ಮುಂದಿನ ನಾದ ಬರುತ್ತದೋ ಇಲ್ಲವೋ ಎಂಬಷ್ಟು. ಬೋಮ್ ಅಲ್ಲಿ ನಿಲ್ಲುವವರಲ್ಲ. ಕಾರ್ನ್‌ವಾಲಿನ ದೊರೆ ಮಾರ್ಕನಿಗೆ ಹೆಂಡತಿಯಾಗಬೇಕಾದವಳು, ಅವಳನ್ನು ಕರೆತಂದ ತರುಣನನ್ನೇ ಪ್ರೇಮಿಸುವ ಕಥೆ ಇದು. ಒಬ್ಬರಿಗೆ ಅದು ನಿಧಾನವಾಗಿ ಏರುವ ಪ್ರವಾಹ, ಇನ್ನೊಬ್ಬರಿಗೆ ಕಾಳ್ಗಿಚ್ಚು.

ಬೈರೊಯ್ಟಿನಲ್ಲಿ ಹಾಡಿದ ಸ್ವೀಡನ್ನಿನ ಬಿರ್ಗಿಟ್ ನಿಲ್ಸನ್ ಅವರಿಗೆ ಯಾರಿಂದಲೂ ಸ್ವರವನ್ನು ಸಾಲ ತರಬೇಕಾಗಿರಲಿಲ್ಲ. ಎರಡು 'ಹೈ ಸಿ'ಗಳೂ ಮಿಂಚಿನಂತೆ ಹೊಳೆಯುತ್ತವೆ. ಎರಡನೆಯ ಅಂಕಕ್ಕೆ ನಾನು ಹೋಗುವುದು ಅಲ್ಲಿಗೇ. ಮೂರನೆಯ ಅಂಕದ ವಿಷಯ ಬೇರೆ. ಗಾಯಗೊಂಡು ಬಿದ್ದ ಟ್ರಿಸ್ಟಾನ್ ಇಸೋಲ್ಡೆಯ ಹಡಗಿಗಾಗಿ ಕಾಯುತ್ತಾ ಹಾಡುವ ಭಾಗ ಗಾಯಕರ ಗಂಟಲನ್ನು ಹಿಂಡುವಂಥದು. ಲಂಡನ್ನಿನಲ್ಲಿ ಲುಡ್‌ವಿಗ್ ಸುಟ್‌ಹೌಸ್ ಅವರ ಕಂಠ ತುಂಬಿಯೇ ಇದೆ. ಬೈರೊಯ್ಟಿನಲ್ಲಿ ವೋಲ್ಫ್‌ಗಾಂಗ್ ವಿಂಡ್‌ಗಾಸನ್ ಅವರ ಕಂಠ ಬಳಲಿದೆ, ಅಲ್ಲಲ್ಲಿ ಒಡೆಯುತ್ತದೆ. ದೋಷವೆಂದರೆ ದೋಷವೇ. ಸಾಯುತ್ತಿರುವವನ ದನಿ ಹಾಗಲ್ಲದೆ ಇನ್ನು ಹೇಗಿರಬೇಕು ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ.

ಕಾಲ ಉರುಳಿತು. 1980ರಿಂದ 1982ರವರೆಗೆ ಡ್ರೆಸ್ಡನ್ನಿನಲ್ಲಿ ಕಾರ್ಲೋಸ್ ಕ್ಲೈಬರ್ ನಡೆಸಿದ ಮುದ್ರಣದಲ್ಲಿ ಇಸೋಲ್ಡೆಯಾದವರು ಮಾರ್ಗರೆಟ್ ಪ್ರೈಸ್. ಅವರು ರಂಗದ ಮೇಲೆ ಆ ಪಾತ್ರವನ್ನು ಒಮ್ಮೆಯೂ ವಹಿಸಲಿಲ್ಲ. ಅವರ ಇಸೋಲ್ಡೆ ಹುಟ್ಟಿದ್ದೂ ಬಾಳಿದ್ದೂ ಮೈಕಿನ ಮುಂದೆಯೇ. ಅದನ್ನು ಯಾರೂ ಮೋಸವೆನ್ನಲಿಲ್ಲ. ಕೋಮಲವಾದ ಕಂಠವೆಂದು ಮೆಚ್ಚಿಕೊಂಡರು. ಇಡೀ ಪಾತ್ರಕ್ಕೆ ಸಂದ ಈ ರಿಯಾಯಿತಿ ಮೂವತ್ತು ವರ್ಷದ ಹಿಂದೆ ಎರಡು ಸ್ವರಗಳಿಗೆ ಸಲ್ಲಲಿಲ್ಲ.

ಲಂಡನ್ನಿನ ಆ ಎರಡು ಸ್ವರಗಳನ್ನು ಹುಡುಕಿಕೊಂಡು ನಾನೂ ಕೇಳಿದ್ದೇನೆ. ಎಲ್ಲಿ ಬರುತ್ತವೆಂದು ಗೊತ್ತಿದ್ದರೂ ಬೆಸುಗೆ ಕಿವಿಗೆ ಸಿಕ್ಕುವುದಿಲ್ಲ. ಹುಡುಕುವ ಭರದಲ್ಲಿ ಹಾಡು ಮಾತ್ರ ತಪ್ಪಿಹೋಗುತ್ತದೆ. ಈಗ ಆ ಗೊಡವೆ ಬಿಟ್ಟು ಕೊನೆಯ ಭಾಗಕ್ಕೆ ಹೋಗುತ್ತೇನೆ. ಟ್ರಿಸ್ಟಾನನ ದೇಹದ ಬಳಿ ನಿಂತು ಇಸೋಲ್ಡೆ ಹಾಡುವ ಆ ಗೀತೆಯಲ್ಲಿ 'ಹೈ ಸಿ' ಇಲ್ಲ. ಪೂರ್ವರಂಗದಿಂದ ತೂಗಾಡುತ್ತಿದ್ದ ಸ್ವರಗುಚ್ಛ ನೆಲೆ ಕಾಣುವುದು ಅದರ ತುದಿಯಲ್ಲಿ. ಅಲ್ಲಿಯವರೆಗಿನ ಏಳು ನಿಮಿಷದಷ್ಟು ಹಾಡು ಪೂರ್ತಿಯಾಗಿ ಫ್ಲಾಗ್‌ಸ್ಟಾಡ್ ಅವರದು.